ನೆನಪಿಗೆ ಅಡ್ವಾನ್ಸ್ ಕೊಟ್ಟಾಗಿದೆ

"ಸಿಂಪಲ್ಲಾಗಿ ಮಾಡ್ತಿದೀವಿ, ಒಂದು ಇನ್ನೂರೈವತ್ತು ಜನ ಅಷ್ಟೇ" ಎಂಬ ಕರೆ ವಾಟ್ಸಾಪಿನಲ್ಲಿ ಬಂತೆಂದರೆ, ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಒಂದು ಕೂಸಿಗೆ ವರ್ಷ ತುಂಬಿತು ಎಂದು ತಿಳಿಯಬೇಕು. ಕರೆಯೋಲೆಯೇ ಒಂದು ವಿಡಿಯೊ. ಅದರಲ್ಲಿ ಕಾಡು, ಕಾಡಿನಲ್ಲೊಂದು ಸಿಂಹ, ಸಿಂಹದ ಬೆನ್ನ ಮೇಲೆ ಗ್ರಾಫಿಕ್ಸಿನವರು ಕೂರಿಸಿದ ಮಗು. ಥೀಮ್ ಜಂಗಲ್ ಸಫಾರಿ. ಆ ಮಗು ಈವರೆಗೆ ಕಣ್ಣಾರೆ ಕಂಡ ವನ್ಯಜೀವಿಯೆಂದರೆ ಅಡುಗೆಮನೆಯ ಹಲ್ಲಿ.

ಇಷ್ಟೆಲ್ಲ ಯಾಕಪ್ಪಾ ಎಂದು ಕೇಳಿ ನೋಡಿ. "ಮೆಮೊರೀಸ್ ಬೇಕಲ್ವಾ ಸಾರ್" ಎನ್ನುತ್ತಾರೆ. ಬೇಕು, ಖಂಡಿತ ಬೇಕು. ಆದರೆ ಯಾರಿಗೆ? ಮಗುವಿಗಂತೂ ಅಲ್ಲ. ದೊಡ್ಡವರನ್ನು ಕೂರಿಸಿ ನಿಮ್ಮ ಮೊಟ್ಟಮೊದಲ ನೆನಪು ಯಾವುದು ಎಂದು ಕೇಳಿದರೆ, ಬಹುತೇಕರು ಮೂರು ಮೂರೂವರೆ ವರ್ಷಕ್ಕಿಂತ ಹಿಂದೆ ಹೋಗಲಾರರು. ಈ ಮರೆವಿಗೆ ಫ್ರಾಯ್ಡ್ 1905ರಲ್ಲೇ ಹೆಸರಿಟ್ಟು ಬರೆದಿದ್ದಾನೆ. ಪಾರ್ಟಿ ಹಾಲಿನವರಿಗೆ ಫ್ರಾಯ್ಡ್ ಗೊತ್ತಿಲ್ಲದಿರುವುದು ಅವರ ವ್ಯಾಪಾರದ ಪುಣ್ಯ.

ಹೆತ್ತವರ ಪರವಾಗಿ ವಾದಿಸಲು ವಿಜ್ಞಾನಿಗಳೂ ಸಿಗುತ್ತಾರೆ, ಇಲ್ಲವೆನ್ನುವಂತಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 4ರಿಂದ 25 ತಿಂಗಳೊಳಗಿನ 26 ಕೂಸುಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಚಿತ್ರಗಳನ್ನು ತೋರಿಸಿ, ಮಿದುಳಿನ ಹಿಪೊಕ್ಯಾಂಪಸ್ ಭಾಗ ಏನು ಮಾಡುತ್ತದೆಂದು ನೋಡಿದರು. ಸುಮಾರು ಒಂದು ವರ್ಷದ ಹೊತ್ತಿಗೇ ಅದು ಕಂಡದ್ದನ್ನು ದಾಖಲು ಮಾಡತೊಡಗುತ್ತದೆ ಎಂದು 2025ರ ಮಾರ್ಚಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದರೆ ತೊಂದರೆ ಇರುವುದು ಬರೆದಿಡುವುದರಲ್ಲಲ್ಲ, ಆಮೇಲೆ ಹುಡುಕಿ ತೆಗೆಯುವುದರಲ್ಲಿ ಇರಬಹುದು. ಫೋಟೋದವನು ಕೊಟ್ಟ ಪೆನ್ ಡ್ರೈವಿನ ಹಾಗೆ: ಎಲ್ಲವೂ ಅದರಲ್ಲಿದೆ, ಎಲ್ಲಿಟ್ಟಿದ್ದೇವೆ ಎಂಬುದೊಂದು ಗೊತ್ತಿಲ್ಲ.

ಮಗುವಿನ ತಲೆಯನ್ನು ನಂಬಿ ಕೂರಲಾಗದು ಎಂದು ಗೊತ್ತಾದ ಮೇಲೆ ಹೆತ್ತವರು ನಂಬುವುದು ಫೋಟೋಗ್ರಾಫರನ್ನು. ಮುಹೂರ್ತ ಇಡುವವರು ಈಗ ಪುರೋಹಿತರಲ್ಲ, ಇವರೇ. ಕ್ಯಾಂಡಿಡ್‌ಗೆ ಒಬ್ಬ, ಟ್ರೆಡಿಷನಲ್‌ಗೆ ಒಬ್ಬ, ವಿಡಿಯೊಕ್ಕೆ ಒಬ್ಬ, ಚಾವಣಿಯ ಕೆಳಗೆ ಡ್ರೋನ್ ಹಾರಿಸಿ ಅತಿಥಿಗಳ ಬೋಳುತಲೆಗಳನ್ನು ಚರಿತ್ರೆಗೆ ಸೇರಿಸಲು ಇನ್ನೊಬ್ಬ. ಬಾಗಿಲ ಬಳಿ ಮುನ್ನೂರ ಅರವತ್ತು ಡಿಗ್ರಿ ತಿರುಗುವ ಕ್ಯಾಮೆರಾದ ಕಟ್ಟೆ. ಅದರ ಮೇಲೆ ಮೈದುನ, ನಾದಿನಿ, ಆಫೀಸಿನ ಟೀಮ್ ಲೀಡರ್ ಎಲ್ಲರೂ ಹತ್ತಿ ಕಪ್ಪು ಕನ್ನಡಕ ಹಾಕಿ ಕುಣಿದು ಇಳಿಯುತ್ತಾರೆ. ಕುಣಿಯದೆ ಸುಮ್ಮನೆ ನಿಂತರೆ ಆ ಸ್ಲೋ ಮೋಷನ್ನಿನಲ್ಲಿ ಸಾಕ್ಷಾತ್ ಶವದಂತೆ ಕಾಣುತ್ತೇವೆಂದು ಅದರ ಹುಡುಗ ಮೊದಲೇ ಎಚ್ಚರಿಸಿರುತ್ತಾನೆ.

ಕೇಕಿನದು ಬೇರೆಯೇ ಕತೆ. ಮೂರು ಅಂತಸ್ತಿನ ಕೇಕು. ಕೆಳಗಿನ ಎರಡು ಅಂತಸ್ತು ಥರ್ಮಾಕೋಲು. ಮೇಲಿನದು ಮಾತ್ರ ತಿನ್ನುವಂಥದ್ದು, ಅದರ ಮೇಲೆ ಕೂತ ಜಿರಾಫೆ ಮಾತ್ರ ತಿನ್ನುವಂಥದ್ದಲ್ಲ. ಇದನ್ನು ಯಾರೂ ಮೋಸ ಎನ್ನುವುದಿಲ್ಲ, ಫೋಟೋದಲ್ಲಿ ಥರ್ಮಾಕೋಲಿಗೂ ಸ್ಪಾಂಜಿಗೂ ವ್ಯತ್ಯಾಸವಿಲ್ಲವಲ್ಲ. ಏಳಕ್ಕೆ ಎಂದಿದ್ದ ಕೇಕ್ ಕಟಿಂಗ್ ಒಂಬತ್ತಾದರೂ ನಡೆದಿಲ್ಲ, ಎಲ್‌ಇಡಿ ಪರದೆಯ ಮೇಲೆ ಓಡಬೇಕಾದ 'ಹನ್ನೆರಡು ತಿಂಗಳ ಪಯಣ' ಲ್ಯಾಪ್‌ಟಾಪಿನಿಂದ ಹೊರಡುತ್ತಿಲ್ಲ. ಹುಟ್ಟುಹಬ್ಬದ ಒಡೆಯ ಎಂಟಕ್ಕೇ ಅಜ್ಜಿಯ ಹೆಗಲ ಮೇಲೆ ನಿದ್ದೆಹೋಗಿ ಸುಖವಾಗಿದ್ದಾನೆ. ಅವನನ್ನು ಅಲುಗಿಸಿ ಎಬ್ಬಿಸಿ, ಸೂಟಿನ ಮೇಲೊಂದು ಸಿಂಹದ ಟೋಪಿ ಸಿಕ್ಕಿಸಿ, ಎರಡು ಕಡೆಯಿಂದ ಕೋಲ್ಡ್ ಪೈರೋ ಬೆಂಕಿ ಚಿಮ್ಮಿಸಿದಾಗ ಅವನು ಕಿಟಾರನೆ ಕಿರುಚುತ್ತಾನೆ. ಇಡೀ ಸಭೆಯಲ್ಲಿ ಸಂದರ್ಭಕ್ಕೆ ತಕ್ಕ ಹಾಗೆ ನಡೆದುಕೊಂಡವನು ಅವನೊಬ್ಬನೇ. "ಪುಟ್ಟಾ, ಇಲ್ನೋಡು, ಇಲ್ನೋಡು ಬಂಗಾರಿ... ಸಾರ್, ಅಳು ಬಂತು, ಒನ್ ಮೋರ್! ಮೇಡಂ, ನೀವು ನಗಿ. ಅಜ್ಜಿ, ಸ್ವಲ್ಪ ಆಚೆ ಬನ್ನಿ, ಫ್ರೇಮ್‌ಗೆ ಬರ್ತಿದೀರ."

ಫ್ರೇಮಿಗೆ ಬರುತ್ತಿರುವ ಆ ಅಜ್ಜಿ ಪಂಚಾಂಗದ ಲೆಕ್ಕದಲ್ಲಿ ಹತ್ತು ಹನ್ನೊಂದು ದಿನ ಮೊದಲೇ ಮೊಮ್ಮಗನ ಹುಟ್ಟುಹಬ್ಬ ಮುಗಿಸಿದ್ದಾರೆ. ಎಣ್ಣೆನೀರು ಎರೆದು, ಆರತಿ ಎತ್ತಿ, ಗಸಗಸೆ ಪಾಯಸದ ಒಂದು ತೊಟ್ಟನ್ನು ಅವನ ನಾಲಿಗೆಗೆ ಸವರಿ. ಆವತ್ತು ಮಗ ಸೊಸೆ ಇಬ್ಬರಿಗೂ ಮೀಟಿಂಗಿತ್ತು, ಯಾರೂ ಫೋಟೋ ತೆಗೆಯಲಿಲ್ಲ. ಆದ್ದರಿಂದ ಅದು ನಡೆದೇ ಇಲ್ಲ ಎಂಬುದು ಮನೆಯ ಅಧಿಕೃತ ನಿಲುವು.

ಸಭಿಕರೇನು ಸುಮ್ಮನಿರುತ್ತಾರೆಯೆ? ನಾಲ್ವರು ವೃತ್ತಿನಿರತರು ಚಿತ್ರ ತೆಗೆಯುತ್ತಿರುವಾಗ ಐವತ್ತು ಮಂದಿ ಫೋನೆತ್ತಿ ಅದೇ ಚಿತ್ರವನ್ನು ತೆಗೆಯುತ್ತಾರೆ, ಮುಂದಿನವನ ಫೋನಿನ ಸಮೇತ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಒಂದು ಮ್ಯೂಸಿಯಮ್ಮಿನಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳನ್ನು ಬರಿದೆ ನೋಡಿ, ಕೆಲವುಗಳ ಫೋಟೋ ತೆಗೆಯಿರಿ ಎಂದರು. ಮಾರನೆಯ ದಿನ ಕೇಳಿದರೆ, ಫೋಟೋ ತೆಗೆದದ್ದಕ್ಕಿಂತ ನೋಡಿದ್ದೇ ಹೆಚ್ಚು ನೆನಪಿನಲ್ಲಿತ್ತು. 2014ರಲ್ಲಿ ಅಚ್ಚಾದ ಅಧ್ಯಯನ ಅದು. ಫೋನು ನೆನಪಿಟ್ಟುಕೊಳ್ಳುತ್ತದೆಂಬ ಧೈರ್ಯದಲ್ಲಿ ತಲೆ ರಜೆ ಹಾಕುತ್ತದೆ. ಕುತೂಹಲದ ಸಂಗತಿಯೆಂದರೆ, ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರ ನೆನಪಿಗೆ ಅಂಥ ಹಾನಿಯಾಗಿರಲಿಲ್ಲ. ನಮ್ಮ ಬಂಧುಗಳು ಜೂಮ್ ಮಾಡುವುದು ಸಾಮಾನ್ಯವಾಗಿ ಎದುರಿನವರ ಸರದ ಪೆಂಡೆಂಟಿಗೆ, ಅವರಿಗೆ ಅದು ಹತ್ತು ವರ್ಷವಾದರೂ ಮರೆಯುವುದಿಲ್ಲ.

ಅಂದಹಾಗೆ ಆ ಹಾಡು. ಎಲ್ಲರೂ ಒಂದೊಂದು ಶ್ರುತಿಯಲ್ಲಿ ಹಾಡುವ ಹ್ಯಾಪಿ ಬರ್ತ್‌ಡೇ. ಅಮೆರಿಕದ ಕೆಂಟಕಿಯ ಇಬ್ಬರು ಅಕ್ಕತಂಗಿಯರು ಶಿಶುವಿಹಾರದ ಮಕ್ಕಳಿಗೆ ಬೆಳಗಿನ ವಂದನೆ ಹೇಳಿಕೊಡಲೆಂದು 1893ರಲ್ಲಿ ಅಚ್ಚು ಹಾಕಿಸಿದ ಧಾಟಿ ಅದು. ಅದರ ಹಕ್ಕು ತನ್ನದೆಂದು ಒಂದು ಸಂಗೀತ ಕಂಪನಿ ದಶಕಗಳ ಕಾಲ ಸಿನಿಮಾದವರಿಂದ ಹಣ ವಸೂಲಿ ಮಾಡುತ್ತಿತ್ತು. 2015ರಲ್ಲಿ ಅಲ್ಲಿನ ನ್ಯಾಯಾಲಯ ಆ ಹಕ್ಕು ಸಲ್ಲದೆಂದು ಹೇಳಿತು, ಮರುವರ್ಷ ಕಂಪನಿ 1.4 ಕೋಟಿ ಡಾಲರಿಗೆ ರಾಜಿಯಾಯಿತು. ಹಾಗಾಗಿ ನಮ್ಮ ಸಿಂಪಲ್ ಸಮಾರಂಭದಲ್ಲಿ ಪುಕ್ಕಟೆಯಾಗಿ ಸಿಕ್ಕಿದ್ದು ಅದೊಂದೇ.

ಸಮಾರಂಭ ಮುಗಿಯಿತು, ನೆನಪುಗಳ ಸಂರಕ್ಷಣೆ ಶುರು. ಮೊದಲು ಕೈಕಾಲು. ಮಗುವಿನ ಮುಷ್ಟಿ ಮತ್ತು ಪಾದವನ್ನು ಅಚ್ಚಿನ ಪುಡಿಯಲ್ಲಿ ಅದ್ದಿ, ಪ್ಲಾಸ್ಟರ್ ಸುರಿದು, ಚಿನ್ನದ ಬಣ್ಣ ಬಳಿದು, ಗಾಜಿನ ಚೌಕಟ್ಟಿನಲ್ಲಿಟ್ಟು ಕೊಡುವವರಿದ್ದಾರೆ. ನಾನು ಕಂಡ ಒಂದು ಮನೆಯಲ್ಲಿ ಅದು ದೇವರಕೋಣೆಯ ಪಕ್ಕದ ಗೋಡೆಯಲ್ಲಿತ್ತು. ಊರಿಂದ ಬಂದ ಹಿರಿಯರೊಬ್ಬರು ಕಣ್ಣಿಗೊತ್ತಿಕೊಂಡು, ಯಾವ ಮಠದ ಸ್ವಾಮಿಗಳ ಪಾದ ಎಂದು ಕೇಳಿದರು. ಆ ಪಾದದ ಒಡೆಯ ಆಗ ಅದೇ ಹಿರಿಯರ ಚಪ್ಪಲಿಯನ್ನು ಬಾಯಲ್ಲಿಟ್ಟು ಕಚ್ಚುತ್ತಿದ್ದ.

ಆಮೇಲೆ ಮಗುವಿನ ಹೆಸರಲ್ಲೊಂದು ಇಮೇಲ್ ಖಾತೆ. ಪ್ರತಿ ಹುಟ್ಟುಹಬ್ಬಕ್ಕೆ ಅಪ್ಪ ಅಮ್ಮ ಅದಕ್ಕೊಂದು ಪತ್ರ ಬರೆಯುವುದು, ಹದಿನೆಂಟು ತುಂಬಿದ ದಿನ ಪಾಸ್‌ವರ್ಡ್ ಕೊಡುವುದು. ಕೇಳಿದರೆ ಗಂಟಲು ಕಟ್ಟುವಂಥ ಯೋಜನೆ. ಎರಡು ವರ್ಷ ಯಾರೂ ಒಳಹೊಕ್ಕು ನೋಡದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಹೊರಗಿನಿಂದ ಪತ್ರ ಬಂದು ಬೀಳುತ್ತಿದ್ದರೆ ಸಾಲದು, ಖಾತೆದಾರನೇ ಒಮ್ಮೆ ಲಾಗಿನ್ ಆಗಬೇಕು. ಖಾತೆದಾರನಿಗೆ ಇನ್ನೂ ಕಟ್ಟಬೇಕಾದದ್ದು ಡೈಪರು.

ಇನ್‌ಸ್ಟಾಗ್ರಾಮಿಗೆ ಸೇರಲು ಹದಿಮೂರು ತುಂಬಿರಬೇಕು. ಆದ್ದರಿಂದ ಮಗುವಿನ ಪುಟದಲ್ಲಿ 'ಅಪ್ಪ ಅಮ್ಮ ನೋಡಿಕೊಳ್ಳುತ್ತಿದ್ದಾರೆ' ಎಂದು ಬರೆದಿರುತ್ತದೆ. ಪುಟವನ್ನು ಅಂತ ಅರ್ಥ. ಮಗುವನ್ನು ನೋಡಿಕೊಳ್ಳುತ್ತಿರುವವರು ಅಜ್ಜಿ. ಫ್ರಾನ್ಸಿನವರು 2024ರಲ್ಲಿ ಮಕ್ಕಳ ಚಿತ್ರದ ಹಕ್ಕಿನ ಬಗ್ಗೆಯೇ ಒಂದು ಕಾನೂನು ಮಾಡಿಕೊಂಡರು, ಹೆತ್ತವರು ಮಿತಿ ಮೀರಿದರೆ ನ್ಯಾಯಾಧೀಶರು ತಡೆಯಬಹುದಂತೆ. ಅದು ಇಲ್ಲಿಗೆ ಬಂದರೆ ಅರ್ಧ ಜಯನಗರ ಕೋರ್ಟಿನಲ್ಲಿರುತ್ತದೆ. ಅಲ್ಲಿಗೂ ಒಬ್ಬ ಕ್ಯಾಂಡಿಡ್ ಫೋಟೋಗ್ರಾಫರ್ ಹೋಗಿರುತ್ತಾನೆ.

ಮನೆಯ ನೆನಪು ಮನೆಯಲ್ಲೇ ಇದ್ದರೆ ಸಾಕಲ್ಲ ಎಂದರೆ ಸಾಲದು. ರಿಟರ್ನ್ ಗಿಫ್ಟಿನ ಹೆಸರಲ್ಲಿ ಅದನ್ನು ಇನ್ನೂರೈವತ್ತು ಮನೆಗೆ ಹಂಚಬೇಕು. ಮಗುವಿನ ಮುಖ ಅಚ್ಚಾದ ಮಗ್ಗು. ಪರರ ಮಗುವಿನ ಮುಖವಿರುವ ಮಗ್ಗಿನಲ್ಲಿ ಕಾಫಿ ಕುಡಿಯಲು ಮನಸ್ಸು ಬಾರದು, ಎಸೆಯಲು ಪಾಪಪ್ರಜ್ಞೆ. ಹೀಗಾಗಿ ನಗರದ ಸ್ನಾನದಮನೆಗಳಲ್ಲಿ ಅವೆಷ್ಟೋ ಕಂದಮ್ಮಗಳು ಹಲ್ಲುಜ್ಜುವ ಬ್ರಷ್ ಹೊತ್ತು ನಗುತ್ತಿವೆ.

ಇನ್ನು ಮೂಲಧನ, ಅಂದರೆ ಫೋಟೋಗಳು. ಟೀಸರ್ ಮೂರನೇ ದಿನ ಬರುತ್ತದೆ. ಅದರಲ್ಲಿ ಯಾವುದೋ ತೆಲುಗು ಚಿತ್ರದ ನಾಯಕನ ಎಂಟ್ರಿ ಸಂಗೀತಕ್ಕೆ ಮಗು ವಾಕರಿನಲ್ಲಿ ನುಗ್ಗುತ್ತದೆ. ಮುಖಕ್ಕೆ ಒಳ್ಳೆಯ ನುಣುಪು. ಕೆನ್ನೆಯ ಮೇಲೆ ಅಜ್ಜಿ ಇಟ್ಟಿದ್ದ ದೃಷ್ಟಿಬೊಟ್ಟನ್ನು ಎಡಿಟರ್ ಕಲೆಯೆಂದು ತಿಳಿದು ಅಳಿಸಿದ್ದಾನೆ. ಆ ವಿಡಿಯೊವನ್ನೇ ಎಂಟುನೂರು ಅಪರಿಚಿತರು ನೋಡಿ ಲೈಕ್ ಒತ್ತುತ್ತಾರೆ. ಬೊಟ್ಟು ಯಾವುದಕ್ಕಾಗಿ ಇತ್ತೋ ಸರಿಯಾಗಿ ಅದೇ ಹೊತ್ತಿನಲ್ಲಿ ಅದು ಇಲ್ಲ.

ಉಳಿದದ್ದು ನಾಲ್ಕು ಸಾವಿರ ಚಿತ್ರ. ಗೂಗಲ್ ಫೋಟೋಸ್‌ನ ಧರ್ಮಛತ್ರ 2021ರ ಜೂನ್ 1ಕ್ಕೆ ಮುಚ್ಚಿದೆ. ಈಗ ಮೇಲ್, ಕಡತ, ಚಿತ್ರ ಎಲ್ಲ ಸೇರಿ 15 ಜಿಬಿ, ಮುಂದಕ್ಕೆ ಬಾಡಿಗೆ. ವಾಟ್ಸಾಪ್ ಗುಂಪಿಗೆ ಹಾಕಿದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಹೋಗುತ್ತದೆಂದು ಭಾವಮೈದುನ ಪ್ರತಿ ಸಮಾರಂಭದ ನಂತರ ಹೇಳುತ್ತಾನೆ, ಯಾರೂ ಕೇಳುವುದಿಲ್ಲ. ಇದೇ ಮನೆಯ ಅಟ್ಟದ ಮೇಲೆ ಮಗುವಿನ ಅಪ್ಪನ ಮೊದಲ ಹುಟ್ಟುಹಬ್ಬದ ವಿಎಚ್‌ಎಸ್ ಕ್ಯಾಸೆಟ್ಟಿದೆ. ಅದರ ಟೇಪಿಗೆ ಮಳೆಗಾಲದ ಬೂಷ್ಟು ಹಿಡಿದಿದೆ. ಅದನ್ನು ಓಡಿಸುವ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈತೊಳೆದುಕೊಂಡಿತು. ಕ್ಯಾಸೆಟ್ಟಿನ ಪಕ್ಕದಲ್ಲೇ ತಾತನ ಒಂದು ಪಟವಿದೆ. ಊರಿನ ಸ್ಟುಡಿಯೊದಲ್ಲಿ ಮೆಟ್ಟಿಲು ಕಂಬ ಬರೆದ ಪರದೆಯ ಮುಂದೆ ಬೋರಲು ಮಲಗಿಸಿ ತೆಗೆದ, ಬತ್ತಲೆ, ಕಪ್ಪುಬಿಳುಪಿನ ಒಂದೇ ಒಂದು ಪಟ. ಹಿಂದುಗಡೆ ಪೆನ್ಸಿಲಿನಲ್ಲಿ ಹೆಸರು, ತಾರೀಖು, ಊರು. ಅದನ್ನು ನೋಡಲು ಚಾರ್ಜರ್ ಬೇಕಿಲ್ಲ.

ಆದರೆ ಹತ್ತು ಚಿತ್ರ ಆರಿಸಿ, ಕಾಗದಕ್ಕೆ ಅಚ್ಚು ಹಾಕಿಸಿ, ಬೆನ್ನಿಗೆ ಹೆಸರು ಬರೆದಿಡಿ ಎಂದು ಈ ಕಾಲದಲ್ಲಿ ಹೇಳಿದರೆ ಅದು ಸಲಹೆಯಲ್ಲ, ಜಿಪುಣತನ. ಅದಕ್ಕಿಂತಲೂ ಅಗ್ಗದ ಉಪಾಯವೊಂದಿದೆ, ಹೇಳಲು ನಾಚಿಕೆಯಾಗುತ್ತದೆ. ನ್ಯೂಜಿಲೆಂಡಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಮಾವೋರಿ ಜನರ ಮೊದಲ ನೆನಪು ಸರಾಸರಿ 32 ತಿಂಗಳಷ್ಟು ಹಿಂದಕ್ಕೆ ಹೋಗುತ್ತದೆ, ಅಲ್ಲಿನ ಬಿಳಿಯರಿಗಿಂತ ಹತ್ತು ತಿಂಗಳು ಮೊದಲು. ಮನೆಯಲ್ಲಿ ಹಿರಿಯರು ಮಕ್ಕಳೊಡನೆ ಹಿಂದಿನದನ್ನು ಮತ್ತೆ ಮತ್ತೆ ಕತೆಯಾಗಿ ಹೇಳುವ ರೂಢಿ ಇದಕ್ಕೆ ಕಾರಣವಿರಬೇಕೆಂದು ಸಂಶೋಧಕರು ಊಹಿಸುತ್ತಾರೆ. ನಮ್ಮ ಮನೆಗಳಲ್ಲೂ ಇದಕ್ಕೆ ಬೇಕಾದ ಸಲಕರಣೆ ಇತ್ತು. ಈಗಷ್ಟೇ ಅದನ್ನು ಫ್ರೇಮಿನಿಂದ ಆಚೆ ಕಳಿಸಿದೆವು.

ಇತ್ತ ಫೋಟೋದವನು ನಾಲ್ಕು ಸಾವಿರದಲ್ಲಿ ನೂರೈವತ್ತನ್ನು ಆರಿಸಿ ಕೊಡಿ, ಆಲ್ಬಮ್ ಮಾಡಿಸುತ್ತೇನೆ ಎಂದಿದ್ದಾನೆ. ಮೊದಲ ಭಾನುವಾರ ಗಂಡ ಹೆಂಡತಿ ಕೂತು ನಲವತ್ತು ನೋಡಿದರು. ಅಷ್ಟರಲ್ಲಿ ಗಂಡನ ಕಡೆಯವರು ಹೆಚ್ಚಾದರೆಂದು ಮಾತು ಬೆಳೆದು ಲ್ಯಾಪ್‌ಟಾಪ್ ಮುಚ್ಚಿತು. ಆಮೇಲೆ ಯುಗಾದಿ, ಆಮೇಲೆ ಅಪ್ರೈಸಲ್, ಆಮೇಲೆ ಮಗುವಿಗೆ ಭೇದಿ. ಹನ್ನೊಂದನೇ ತಿಂಗಳಿಗೆ ಫೋಟೋದವನದೇ ಫೋನು.

"ಸಾರ್, ಸೆಲೆಕ್ಷನ್ ಇನ್ನೂ ಪೆಂಡಿಂಗ್ ಇದೆ."

"ಟೈಮೇ ಆಗ್ಲಿಲ್ಲಪ್ಪ. ಈ ವಾರ ಕೊಡ್ತೀನಿ."

"ಬಿಡಿ ಸಾರ್, ಆರಾಮಾಗಿ ಕೊಡಿ. ಮುಂದಿನ ತಿಂಗಳು ಸೆಕೆಂಡ್ ಬರ್ತ್‌ಡೇ ಅಲ್ವಾ? ಡೇಟ್ ಬ್ಲಾಕ್ ಮಾಡೋಕೆ ಅಡ್ವಾನ್ಸ್ ಹಾಕ್ಬಿಡಿ. ಎರಡೂ ಸೇರ್ಸಿ ಒಂದೇ ಆಲ್ಬಮ್ ಮಾಡೋಣ, ನಿಮ್ಗೂ ಉಳಿಯುತ್ತೆ. ಈ ಸಲ ಥೀಮ್ ಏನು ಸಾರ್?"

"ಸಿಂಪಲ್ಲಾಗಿ ಮಾಡೋಣ ಅಂತ. ಅಂಡರ್‌ವಾಟರ್."