ನೋ ಡ್ಯೂ ಇದ್ದರೆ ಮಾತ್ರ ಹೊರಗೆ

ನಮ್ಮ ಕಾಲೇಜುಗಳ ಗೇಟು ಬಲು ಧಾರಾಳಿ. ಬೈಕಿನವನು ಬರಲಿ, ಕುಡಿದವನು ಬರಲಿ, ವಾಚ್‌ಮನ್ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಅದೇ ಗೇಟಿನಿಂದ ವಿದ್ಯಾರ್ಥಿ ಓದು ಬಿಟ್ಟು ಹೋಗುತ್ತೇನೆ ಅನ್ನಲಿ, ನೋಡಿ. ಲೈಬ್ರರಿ ಸಹಿ, ಲ್ಯಾಬ್ ಸಹಿ, ಅಕೌಂಟ್ಸ್ ಸಹಿ. ನೋ ಡ್ಯೂ ಇಲ್ಲದೆ ನೊಣವೂ ಆಚೆ ಹೋಗದು.

ಭದ್ರತೆ ಇಲ್ಲ ಅಂದವರು ಯಾರು? ಇದೆ. ಮಕ್ಕಳಿಗಲ್ಲ, ಫೀಸಿಗೆ.

2024ರ ಏಪ್ರಿಲ್ 18. ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲೇ ಎಂಸಿಎ ವಿದ್ಯಾರ್ಥಿನಿಯ ಕೊಲೆಯಾಯಿತು. ಆರೋಪಿ ಹಿಂದೆ ಅವಳ ಜೊತೆ ಓದಿದವನು. ಕ್ಯಾಮೆರಾ ಇತ್ತು. ತನ್ನ ಕೆಲಸ ಅದು ಚೆನ್ನಾಗಿಯೇ ಮಾಡಿತು: ನೋಡಿತು. ಚುನಾವಣೆ ಹೊಸ್ತಿಲಲ್ಲಿತ್ತು. ಮುಖಂಡರು ಬಂದು ಧರ್ಮದ ಲೆಕ್ಕ ಹಾಕಿದರು. ಸರ್ಕಾರ ಪ್ರಕರಣವನ್ನು ಸಿಐಡಿಗೆ ಒಪ್ಪಿಸಿತು. ಆ ಗದ್ದಲದಲ್ಲಿ ಗೇಟಿನ ಮಾತು ಕೇಳಿಸಲೇ ಇಲ್ಲ.

ನಿಯಮಗಳಿಲ್ಲವೇ? ಗೋಡೆ, ಮುಳ್ಳುತಂತಿ, ಗುರುತಿನ ಚೀಟಿ ಎಂದು ಯುಜಿಸಿ 2015ರಲ್ಲೇ ಬರೆದಿದೆ. 10 ಜನ ನೌಕರರಿದ್ದ ಕಡೆ ಆಂತರಿಕ ಸಮಿತಿ ಇರಲೇಬೇಕು ಎನ್ನುತ್ತದೆ 2013ರ ಲೈಂಗಿಕ ಕಿರುಕುಳ ತಡೆ ಕಾನೂನು. ಸಮಿತಿ ಇದೆ, ನೋಟಿಸ್ ಬೋರ್ಡಿನಲ್ಲಿ. ನ್ಯಾಕ್ ತಪಾಸಣೆಯ ಹಿಂದಿನ ದಿನ ಅದರ ಧೂಳು ಒರೆಸುತ್ತಾರೆ.

ಈಗ ಬಾದನಹಟ್ಟಿಯ ಒಬ್ಬ ರೈತ ಅಂದುಕೊಳ್ಳಿ. ಭತ್ತ ಮಾರಿ ಮಗಳ ಫೀಸ್ ಕಟ್ಟಿದ್ದಾನೆ. ಬಸ್ಸು ಪುಕ್ಕಟೆ, ಶಕ್ತಿ ಯೋಜನೆ. ಕಾಲೇಜಿನಲ್ಲಿ ಒಬ್ಬ ಹಿಂದೆ ಬಿದ್ದ. ಹುಡುಗಿ ಹೋಗಲ್ಲ ಅಂದಳು. ಅಪ್ಪ ಟಿಸಿ ಕೇಳಲು ಹೋದ.

"ಪೂರ್ತಿ ಫೀಸ್ ಕಟ್ಟಿ ಒಯ್ರಿ."

"ಹುಡುಗಿ ಅಂಜ್ಯಾಳ್ರೀ ಸಾರ್."

"ಅದಕ್ಕ ಕಾಲಂ ಇಲ್ರೀ."

ಮೂಲ ಅಂಕಪಟ್ಟಿ ಇಟ್ಟುಕೊಳ್ಳಬೇಡಿ, ನೋಡಿ ವಾಪಸ್ ಕೊಡಿ ಎಂದು ಯುಜಿಸಿ 2018ರಲ್ಲಿ ಹೇಳಿತು. ಅಂಕಪಟ್ಟಿ ಇನ್ನೂ ಬೀರುವಿನಲ್ಲೇ ಒತ್ತೆ ಕೂತಿದೆ. ಆ ನಿಯಮದ ಜಾಣ್ಮೆಯನ್ನೂ ನೋಡಿ. ಪ್ರವೇಶದ ಕೊನೆ ದಿನಾಂಕ ಕಳೆದು 15 ದಿನದೊಳಗೆ ಬಿಟ್ಟರೆ ಶೇ 80 ವಾಪಸ್ ಎಂದಿತ್ತು ಅದು. 30 ದಿನದೊಳಗೆ ಅರ್ಧ. ಆಮೇಲೆ ಸೊನ್ನೆ. ಅಂದರೆ ಹೆದರುವವರು ಕ್ಯಾಲೆಂಡರ್ ನೋಡಿಕೊಂಡು ಹೆದರಬೇಕು.

ಯಾವ ವರ್ಷ ಬೇಕಾದರೂ ಓದು ಬಿಡಿ, ಸರ್ಟಿಫಿಕೇಟ್ ಕೊಡುತ್ತೇವೆ ಎಂದು 2021ರಲ್ಲಿ ರಾಜ್ಯಕ್ಕೆ ಹೊಸ ಶಿಕ್ಷಣ ನೀತಿ ತಂದು ಡಂಗುರ ಸಾರಿದ್ದರು. 2024ರಲ್ಲಿ ಮತ್ತೆ ಹಳೆಯ ಮೂರು ವರ್ಷದ ಪದವಿ. ಡಂಗುರವೂ ವಾಪಸ್. ವಾಪಸ್ ಬಾರದ್ದು ಫೀಸೊಂದೇ.

ಮೇಷ್ಟ್ರುಗಳು ಕೇಳಬಾರದೇ? ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ಅವರಲ್ಲಿ ಅತಿಥಿ ಉಪನ್ಯಾಸಕರೂ ಇದ್ದಾರೆ. 2023ರ ಕೊನೆಯಲ್ಲಿ ತಮ್ಮ ನೌಕರಿಯ ಭದ್ರತೆಗೇ ಬೀದಿಯಲ್ಲಿ ಕೂತವರು. ಮನೆಯ ಬೀಗ ಸರಿಯಿಲ್ಲ ಅಂದ ಅತಿಥಿಗೆ ಮುಂದಿನ ವರ್ಷ ಕರೆ ಬರುವುದಿಲ್ಲ.

ಬಾದನಹಟ್ಟಿಯ ಅಪ್ಪ ಬರಿಗೈಲಿ ಹೊರಟ. ಗೇಟಿನಲ್ಲಿ ವಾಚ್‌ಮನ್ ಮೊದಲ ಸಲ ತಲೆ ಎತ್ತಿದ. "ಯಜಮಾನ್ರೇ, ರಿಜಿಸ್ಟರ್‌ನಾಗ ಸೈನ್ ಮಾಡ್ರಿ."

ಅವನು ಬಗ್ಗಿ ಹೆಸರು ಬರೆಯುತ್ತಿದ್ದಾಗ ಪಕ್ಕದಲ್ಲೇ ಒಂದು ಬೈಕ್ ಸೊಯ್ಯನೆ ಒಳಗೆ ಹೋಯಿತು. ನಂಬರ್ ಪ್ಲೇಟ್ ಇರಲಿಲ್ಲ.