ಕೊಂಡ ಹಾಯ್ದ ಅಕೌಂಟ್ಸ್ ಸೆಕ್ಷನ್ನು

ನಮ್ಮ ಚಿಕ್ಕಪ್ಪ ಊರಹಬ್ಬದಲ್ಲಿ ಇಪ್ಪತ್ತೆರಡು ಸಲ ಕೊಂಡ ಹಾಯ್ದವರು. ನಮ್ಮದು ಮಂಡ್ಯ ಕಡೆಯ ಊರು. ಹಿಂದಿನ ದಿನ ಕೊಂಡಬಂಡಿಯಲ್ಲಿ ಸೌದೆ ಬರುತ್ತದೆ, ರಾತ್ರಿಯೆಲ್ಲ ಉರಿದು ಬೆಳಗಿನ ಜಾವಕ್ಕೆ ಕೆಂಡವಾಗುತ್ತದೆ. ಚಿಕ್ಕಪ್ಪ ಉಪವಾಸವಿದ್ದು, ಮಿಂದು, ಒದ್ದೆ ಪಂಚೆಯಲ್ಲೇ ಸರಸರ ದಾಟಿಬಿಡುತ್ತಾರೆ. ಇಷ್ಟಾದರೂ ಅವರು ಲೀಡರ್ ಆಗಲಿಲ್ಲ. ಎರಡು ಸಲ ಗ್ರಾಮ ಪಂಚಾಯ್ತಿಗೆ ನಿಂತರು, ಎರಡು ಸಲವೂ ಸೋತರು. ಎರಡನೇ ಸಲ ಠೇವಣಿಯೂ ಹೋಯಿತು.

ಯಾಕೆ ಹೀಗಾಯಿತೆಂದು ಬಹಳ ವರ್ಷ ನನಗೆ ತಿಳಿದಿರಲಿಲ್ಲ. ಕನಕಪುರ ರಸ್ತೆಯ ಒಂದು ರೆಸಾರ್ಟಿನಲ್ಲಿ ತಿಳಿಯಿತು. ಪಾಪ, ಅವರು ಕೊಂಡಕ್ಕೆ ಇಳಿಯುವ ಮುಂಚೆ ಪವರ್‌ಪಾಯಿಂಟ್ ನೋಡಿರಲಿಲ್ಲ.

ನಮ್ಮ ಕಂಪನಿಯಲ್ಲಿ ಆ ವರ್ಷ ಇನ್‌ಕ್ರಿಮೆಂಟ್ ಇರಲಿಲ್ಲ. ಅದರ ಬದಲು 'ನಿಮ್ಮೊಳಗಿನ ನಾಯಕನನ್ನು ಎಬ್ಬಿಸಿ' ಎಂಬ ಮೇಲ್ ಬಂತು. ಎಬ್ಬಿಸಬೇಕಾದದ್ದು ಶನಿವಾರ ಮತ್ತು ಭಾನುವಾರ. ಬರುವುದು ಬಿಡುವುದು ನಿಮ್ಮಿಷ್ಟ, ಬರದಿದ್ದವರು ಮಾತ್ರ ಕಾರಣವನ್ನು ತಮ್ಮ ಮ್ಯಾನೇಜರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ನಲವತ್ತು ಜನ ಬಸ್ಸು ಹತ್ತಿದೆವು. ನನ್ನೊಳಗಿನ ನಾಯಕ ಬನಶಂಕರಿ ದಾಟುವಷ್ಟರಲ್ಲಿ ಮತ್ತೆ ನಿದ್ದೆ ಹೋದ.

ಟ್ರೈನರ್ ಸಾಹೇಬರು ಕಿವಿಗೆ ಮೈಕ್ ಸಿಕ್ಕಿಸಿಕೊಂಡು ಮೂರು ಸಲ ಗುಡ್ ಮಾರ್ನಿಂಗ್ ಹೇಳಿಸಿದರು. ಮೊದಲೆರಡರಲ್ಲಿ ಎನರ್ಜಿ ಸಾಲಲಿಲ್ಲವಂತೆ. ಟೀ ಬ್ರೇಕಿನಲ್ಲಿ ನಾನು, 'ಸಾರ್, ಮುಂಚೆ ಎಲ್ಲಿದ್ರಿ?' ಎಂದು ಕೇಳಿದೆ. 'ನಿಮ್ಮ ಥರಾನೇ ಕೆಲಸದಲ್ಲಿದ್ದೆ, ತಡೆಯೋಕಾಗದೆ ಬಿಟ್ಟೆ' ಎಂದರು. ಆ ಎರಡು ದಿನಗಳಲ್ಲಿ ನನಗೆ ಪೂರ್ತಿ ನಂಬಿಕೆ ಬಂದ ಮಾತು ಅದೊಂದೇ.

ಮೊದಲ ಸ್ಲೈಡು ಮಾಸ್ಲೋ ಪಿರಮಿಡ್ಡು. ಮಾಸ್ಲೋ 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ಡಿನ ಚಿತ್ರವೇ ಇಲ್ಲ, ಅದು ಆಮೇಲಿನವರ ಕೈಚಳಕ. ಇರಲಿ, ತಳದಲ್ಲಿ ಅನ್ನ, ತುದಿಯಲ್ಲಿ ಆತ್ಮಸಾಕ್ಷಾತ್ಕಾರ. ಇನ್‌ಕ್ರಿಮೆಂಟ್ ಎಲ್ಲಿ ಬರುತ್ತದೆ ಎಂದು ನಮ್ಮ ಸ್ಟೋರ್ಸಿನವರೊಬ್ಬರು ಕೇಳಿದರು. ಸ್ಲೈಡು ಮುಂದಕ್ಕೆ ಹೋಯಿತು.

ಆಮೇಲೆ ಬ್ರೇನ್‌ಸ್ಟಾರ್ಮಿಂಗ್. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್‌ಬಾರ್ನ್. ಗುಂಪಿನಲ್ಲಿ ಕೂತರೆ ಮನುಷ್ಯನಿಗೆ ಹೆಚ್ಚು ಐಡಿಯಾ ಹೊಳೆಯುತ್ತವೆ ಎಂದು ಅವರು 1953ರ ಹೊತ್ತಿಗೇ ಪುಸ್ತಕ ಬರೆದು ಸಾರಿದ್ದರು. ಐದೇ ವರ್ಷಕ್ಕೆ, 1958ರಲ್ಲಿ, ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ನೋಡಿದರು. ನಾಲ್ಕು ಜನ ಒಟ್ಟಿಗೆ ಕೂತು ಯೋಚಿಸಿದ್ದಕ್ಕಿಂತ ನಾಲ್ಕು ಜನ ಬೇರೆ ಬೇರೆ ಕೂತು ಯೋಚಿಸಿದ್ದೇ ಹೆಚ್ಚಾಗಿತ್ತು, ಚೆನ್ನಾಗಿಯೂ ಇತ್ತು. ಈ ಸುದ್ದಿ ಕನಕಪುರ ರಸ್ತೆಗೆ ಇನ್ನೂ ತಲುಪಿಲ್ಲ. ನಾವು ಎಂಟೆಂಟು ಜನ ಗೋಲಾಗಿ ಕೂತು 'ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು' ಎಂದು ಹಳದಿ ಚೀಟಿಗಳಲ್ಲಿ ಬರೆದೆವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಮ್ಮ ಗುಂಪಿನಲ್ಲಿ ಎಳೆಯುವವರೇ ಇರಲಿಲ್ಲ, ಎಲ್ಲರೂ ಮ್ಯಾನೇಜರ್ ಏನು ಬರೆಯುತ್ತಾರೆ ಎಂದು ಕಾಯುತ್ತಿದ್ದೆವು. ಅವರು 'ಮನೆ' ಎಂದು ಬರೆದರು. ನಾವೂ ಮನೆ, ಗೋಡೆ, ಕಾಂಪೌಂಡು ಎಂದು ಬರೆದೆವು. ಹೊಸಬಳಾಗಿ ಸೇರಿದ್ದ ಹುಡುಗಿಯೊಬ್ಬಳು 'ಮೀಟಿಂಗ್ ರೂಮಿನ ಬಾಗಿಲು ತೆರೆದೇ ಇರುವಂತೆ ಅಡ್ಡ ಇಡಬಹುದು, ಬೇಕಾದವರು ಎದ್ದು ಹೋಗಬಹುದು' ಎಂದು ಬರೆದಿದ್ದಳು. ಬೋರ್ಡಿಗೆ ಅಂಟಿಸುವಾಗ ಅದೊಂದು ಚೀಟಿ ಕೆಳಗೆ ಬಿದ್ದುಹೋಯಿತು.

ಊಟವಾದ ಮೇಲೆ ಟೋಪಿಗಳು ಬಂದವು. ಎಡ್ವರ್ಡ್ ಡಿ ಬೋನೋ ಎಂಬುವರು 1985ರಲ್ಲಿ ಬರೆದ ಪುಸ್ತಕದ ಪ್ರಕಾರ ಯೋಚನೆಗೆ ಆರು ಬಣ್ಣದ ಟೋಪಿ. ಬಿಳಿ ಅಂದರೆ ಮಾಹಿತಿ, ಹಸಿರು ಅಂದರೆ ಹೊಸ ವಿಚಾರ, ಕಪ್ಪು ಅಂದರೆ ತಪ್ಪು, ಅಪಾಯಗಳನ್ನು ಹುಡುಕುವುದು. ನಮಗೆ ಬಂದದ್ದು ಐದೇ. ಕಪ್ಪು ಟೋಪಿ ಎಲ್ಲಿ ಎಂದರೆ, 'ಅದು ಬೇಡ, ನೆಗೆಟಿವ್ ಎನರ್ಜಿ' ಎಂದರು. ಆಡಿಟ್ ಮಾಡುವವನಿಗೆ ಕಪ್ಪು ಟೋಪಿ ಕೊಡದಿದ್ದರೆ ಅವನು ಅಲ್ಲಿ ಮಾಡುವುದಾದರೂ ಏನು? ಸಂಜೆ ನಾಲ್ಕರ ಹೊತ್ತಿಗೆ ನಲವತ್ತೂ ಜನಕ್ಕೆ ಟೋಪಿ ಹಾಕಿ ಆಗಿತ್ತು. ನಮ್ಮ ಭಾಷೆಯಲ್ಲಿ ಈ ಮಾತಿಗೆ ಇರುವ ಅರ್ಥ ಟ್ರೈನರಿಗೆ ಗೊತ್ತಿತ್ತೋ ಇಲ್ಲವೋ.

ರಾತ್ರಿ ಕೊಂಡ. ಅವರ ಭಾಷೆಯಲ್ಲಿ ಫೈರ್‌ವಾಕ್. ಹುಲ್ಲುಹಾಸಿನ ಆಚೆ ಹತ್ತಡಿ ಉದ್ದ ಕೆಂಡ ಹರಡಿದ್ದರು. ಹರಡಿದವರು ರೆಸಾರ್ಟಿನ ತೋಟದ ಹುಡುಗರು, ಚಾಮರಾಜನಗರ ಕಡೆಯವರು. ಟ್ರೈನರ್ ಅತ್ತ ಭಯವನ್ನು ಚೀಟಿಯಲ್ಲಿ ಬರೆದು ಬೆಂಕಿಗೆ ಹಾಕಿಸುತ್ತಿದ್ದರೆ, ಇತ್ತ ಒಬ್ಬ ಹುಡುಗ ಬರಿಗಾಲಲ್ಲಿ ನಿಂತು ಸನಿಕೆಯಿಂದ ಕೆಂಡ ಸಮ ಮಾಡುತ್ತಿದ್ದ. ಕಿಡಿಯೊಂದು ಪಾದದ ಮೇಲೆ ಬಿತ್ತು, ಇರುವೆ ಒದರಿದ ಹಾಗೆ ಒದರಿಕೊಂಡ. 'ನಿಮ್ಮೂರಲ್ಲೂ ಉಂಟೇನಪ್ಪ?' ಎಂದೆ. 'ಉಂಟು ಸಾ. ಆದ್ರೆ ನಮ್ಮೂರಲ್ಲಿ ಹಾಯದಕ್ಕೆ ದುಡ್ಡು ಇಸ್ಕಳಕಿಲ್ಲ' ಎಂದ.

ಮರದ ಕೆಂಡವೂ ಮೇಲಿನ ಬೂದಿಯೂ ಶಾಖವನ್ನು ನಿಧಾನವಾಗಿ ದಾಟಿಸುತ್ತವೆ, ಪಾದ ತಾಗುವುದು ಕ್ಷಣಮಾತ್ರ, ಹಾಗಾಗಿ ಸುಡುವುದಿಲ್ಲ. ಇದು ಭೌತಶಾಸ್ತ್ರ. ಚಿಕ್ಕಪ್ಪನ ಮಾತಿನಲ್ಲಿ ಹೇಳುವುದಾದರೆ, 'ನಡದ್ರೆ ಸುಡಕಿಲ್ಲ ಕಣ್ಲಾ, ನಿಂತ್ಕಂಡ್ರೆ ಸುಡ್ತದೆ.' ಟ್ರೈನರ್ ಪ್ರಕಾರ ಮಾತ್ರ ಅದು ಮನೋಬಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಆ ಸಮಿತಿ ಈಗಲೂ ಇದ್ದಿದ್ದರೆ ಬಾಬಾಗಳನ್ನು ಬಿಟ್ಟು ಮೊದಲು ಎಚ್‌ಆರ್ ವಿಭಾಗಗಳಿಗೆ ಪತ್ರ ಬರೆಯುತ್ತಿತ್ತು. ಮನೋಬಲ ಕೈಕೊಟ್ಟ ಉದಾಹರಣೆಯೂ ಉಂಟು. 2001ರಲ್ಲಿ ಅಮೆರಿಕದ ಬರ್ಗರ್ ಕಿಂಗ್ ಕಂಪನಿಯ ಮಾರ್ಕೆಟಿಂಗ್‌ನವರು ಹೀಗೇ ಕೆಂಡ ತುಳಿದು, ಹನ್ನೆರಡು ಜನರ ಆಸುಪಾಸು ಕಾಲು ಸುಟ್ಟುಕೊಂಡರು. ನಮ್ಮ ಬರ್ಗರ್ ಬೆಂಕಿಯ ಮೇಲೆ ಸುಟ್ಟಿದ್ದು ಎಂದೇ ಜಾಹೀರಾತು ಮಾಡುವ ಕಂಪನಿ ಅದು.

ನಾನೂ ದಾಟಿದೆ. ವಂಶದ ಮರ್ಯಾದೆ. ಆಚೆ ದಡದಲ್ಲಿ ಎಂ.ಡಿ.ಯವರು ಕೈಕುಲುಕಿ, 'ಯೂ ಆರ್ ಎ ಲೀಡರ್' ಎಂದರು. ಅವರು ಶೂ ಬಿಚ್ಚಿರಲಿಲ್ಲ.

ಸೋಮವಾರ ನಲವತ್ತು ಲೀಡರುಗಳು ಒಂಬತ್ತೂವರೆಗೆ ಬಂದು ಪಂಚ್ ಮಾಡಿದೆವು. ಒಬ್ಬರು ಆರು ನಿಮಿಷ ತಡವಾದ್ದರಿಂದ ಅವರಿಗೆ ಅರ್ಧ ದಿನ ರಜೆ ಬಿತ್ತು. ಆ ವಾರವೇ ಅಪ್ರೈಸಲ್ ಶುರು. ನೂರಕ್ಕೆ ಹತ್ತು ಜನ ಕಡ್ಡಾಯವಾಗಿ ತಳದಲ್ಲಿ ಇರಲೇಬೇಕು ಎಂಬ ಲೆಕ್ಕ ನಮ್ಮಲ್ಲಿದೆ. ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್ ಹೆಸರು ಮಾಡಿದ ಪದ್ಧತಿ. ಇಂಥದ್ದೇ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲೇ ಕೈಬಿಟ್ಟಿತು, ನಮ್ಮಲ್ಲಿ ಇನ್ನೂ ಹೊಸದು. ಅಂದರೆ ನಲವತ್ತು ಲೀಡರುಗಳಲ್ಲಿ ನಾಲ್ವರು ನಾಲಾಯಕ್ಕು, ಯಾರೆಂದು ಶುಕ್ರವಾರದೊಳಗೆ ಹೇಳಿ. ಸ್ಟೋರ್ಸಿನವರ ಹೆಸರು ಮೊದಲೇ ಬಂತು. 'ಪ್ರಶ್ನೆ ಕೇಳುತ್ತಾರೆ' ಎಂಬುದು ಷರಾ.

ಇಷ್ಟರ ನಡುವೆ ನಾನು ಒಂದು ಹೊಸ ಯೋಚನೆಯನ್ನೂ ಮಾಡಿದೆ. ನಮ್ಮಲ್ಲಿ ಒಂದು ಬಿಲ್ ಪಾಸಾಗಲು ಐದು ಸಹಿ ಬೇಕು. ಟ್ಯೂಬ್‌ಲೈಟ್ ತಂದ ಅಂಗಡಿಯವನೂ ಎರಡು ತಿಂಗಳು ಅಲೆಯುತ್ತಾನೆ. ಎರಡು ಸಹಿ ಸಾಕು ಎಂದು ಐಡಿಯಾ ಪೆಟ್ಟಿಗೆಗೆ ಬರೆದು ಹಾಕಿದೆ. ತುಂಬ ಒಳ್ಳೆಯ ಸಲಹೆ, ಅನುಮೋದನೆಗೆ ಕಳಿಸಿದ್ದೇವೆ ಎಂದು ಉತ್ತರ ಬಂತು. ಐದು ಜನರಿಗೆ ಕಳಿಸಿದ್ದಾರೆ. ಮೂರನೆಯವರು ಕೆಲಸ ಬಿಟ್ಟು ಹೋಗಿ ಆರು ತಿಂಗಳಾಯಿತು.

ಹಾಗೆಂದು ನಮ್ಮಲ್ಲಿ ಯಾವುದೂ ಬೇಗ ನಡೆಯುವುದಿಲ್ಲ ಎನ್ನಲಾರೆ. ರೆಸಾರ್ಟಿನ ಬಿಲ್ ಬುಧವಾರ ಬೆಳಿಗ್ಗೆ ಬಂತು, ಮಧ್ಯಾಹ್ನದ ಊಟಕ್ಕೆ ಮುಂಚೆ ಐದೂ ಸಹಿ ಬಿದ್ದು ನನ್ನ ಮೇಜಿಗೆ ಬಂತು. ಜಿಎಸ್‌ಟಿ ಸರಿಯಾಗಿತ್ತು. ಸೌದೆಗೆ ಬೇರೆ, ಕೆಂಡಕ್ಕೆ ಬೇರೆ ದುಡ್ಡು ಹಾಕಿದ್ದರು. ಪಾಸ್ ಮಾಡಿದೆ.