‘ಲೈನ್’ ಶಬ್ದಮೀಮಾಂಸೆ: ಕೊಪ್ಪಳ ಸೀಮೆಯ ಪ್ರಯೋಗಗಳನ್ನು ಅನುಲಕ್ಷಿಸಿ

ಲೈನ್ ಎಂಬುದು ಕೊಪ್ಪಳ ಸೀಮೆಯ ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿರುವ ನಪುಂಸಕಲಿಂಗದ ನಾಮಪದ. ಲೈನು, ಲಾಯ್ನು ಎಂಬ ರೂಪಾಂತರಗಳುಂಟು. ರೇಷನ್ ಅಂಗಡಿಯ ಮುಂದೆ ನಿಂತ ಜನ, ಹೊಲದ ಕಂಬದ ಮೇಲಿನ ತಂತಿ, ನೋಟ್‌ಬುಕ್ಕಿನ ಗೆರೆ, ಬಂದ ರೈಲು, ಬರಬೇಕಾದ ರೈಲು, ಲಾರಿ ಡ್ರೈವರನ ಹಾದಿ, ಹರೆಯದ ಹುಡುಗನ ಹವ್ಯಾಸ ಇವಿಷ್ಟನ್ನೂ ಒಂದೂವರೆ ಅಕ್ಷರದ ಈ ಪದ ಒಬ್ಬಂಟಿಯಾಗಿ ಹೊತ್ತಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣ ನಗರವನ್ನೂ ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳವೆಂದು ವಿದ್ವಾಂಸರು ಹೇಳುತ್ತಾರೆ. ಇಂಥ ತಿರುಳಿನ ನೆಲದಲ್ಲಿ ಪರದೇಶದ ಪದ ಬೇರು ಬಿಟ್ಟದ್ದು ಹೇಗೆ ಎಂಬುದು ಪೂರ್ವಪಕ್ಷ. ಬೇರು ಮೊದಲೇ ಇಲ್ಲಿತ್ತು, ಪದವಷ್ಟೇ ತಡವಾಗಿ ಬಂತು ಎಂಬುದು ಸಿದ್ಧಾಂತ.

ಬೇರಿನ ವಿಚಾರ ಹೀಗಿದೆ. ಲ್ಯಾಟಿನ್ ಭಾಷೆಯಲ್ಲಿ ‘ಲೀನುಮ್’ ಎಂದರೆ ಅಗಸಿ ಗಿಡ. ಅದರ ನಾರಿನಿಂದ ಹೊಸೆದ ದಾರ ‘ಲೀನೆಯಾ’. ದಾರವನ್ನು ಬಿಗಿಯಾಗಿ ಎಳೆದರೆ ನೆಟ್ಟಗಾಗುತ್ತದೆ. ನೆಟ್ಟಗಾದ ದಾರದ ಗುರುತು ಗೆರೆಯಾಯಿತು, ಗೆರೆಯ ಮೇಲೆ ನಿಂತ ವಸ್ತುಗಳು ಸಾಲಾದವು, ಸಾಲು ಹಿಡಿದು ಹೋಗುವ ದಾರಿಯೂ ಅದೇ ಹೆಸರು ಪಡೆಯಿತು. ಹಗ್ಗವೆಂಬ ಅರ್ಥದ ಹಳೆಯ ಇಂಗ್ಲಿಷ್ ಪದವೊಂದು, ಫ್ರೆಂಚರ ‘ಲಿನ್ಯ್’ ಇನ್ನೊಂದು, ಎರಡೂ ಕೂಡಿ ಈಗಿನ ಲೈನ್ ಆಗಿದೆ. ಸಸ್ಯಶಾಸ್ತ್ರಜ್ಞರು ಅಗಸಿಯನ್ನು ಇಂದಿಗೂ ‘ಲೈನಮ್ ಉಸಿಟಾಟಿಸ್ಸಿಮಮ್’ ಎನ್ನುತ್ತಾರೆ. ಬಹಳ ಉಪಯೋಗದ ಅಗಸಿ ಎಂದು ಅದರ ಅರ್ಥ. ಅಗಸಿಯ ಚಟ್ನಿಪುಡಿ, ಅಂದರೆ ಹಿಂಡಿ, ಕುಟ್ಟುವ ಕುಷ್ಟಗಿಯ ಹೆಣ್ಣುಮಕ್ಕಳಿಗೆ ಇದು ಲ್ಯಾಟಿನ್ ಇಲ್ಲದೆಯೂ ಗೊತ್ತಿತ್ತು.

ಇಲ್ಲಿ ಇನ್ನೊಂದು ಪಕ್ಷವಿದೆ. ಈ ಸೀಮೆಯಲ್ಲಿ ಅಗಸಿ ಎಂದರೆ ಊರ ಹೆಬ್ಬಾಗಿಲೂ ಹೌದು. ಬಸ್ಸಿಗೆ ಜನ ಕೂಡುವುದು ಅಗಸಿಯಲ್ಲಿ, ಕೂಡಿದಲ್ಲಿ ಲೈನ್ ಹುಟ್ಟಬೇಕು, ಆದ್ದರಿಂದ ಪದದ ಮೂಲ ಊರಬಾಗಿಲೇ ಎಂದು ಈ ಪಕ್ಷದ ವಾದ. ಕೇಳಲು ಸೊಗಸಾಗಿದ್ದರೂ ಇದು ನಿಲ್ಲುವುದಿಲ್ಲ. ಅಗಸಿಯ ಮುಂದೆ ಬಸ್ಸು ಬಂದಾಗ ಆಗುವುದು ಲೈನ್ ಅಲ್ಲ. ಕಿಟಕಿಯೊಳಗಿಂದ ಟವೆಲ್ ಒಗೆದು ಸೀಟು ಹಿಡಿಯುವ ಆ ಕ್ರಿಯೆಗೆ ಲ್ಯಾಟಿನ್ನಿನಲ್ಲೂ ಪದವಿದ್ದಂತಿಲ್ಲ.

ಅಗಸಿ ಕುಲದ ಮತ್ತೊಂದು ಸಂತಾನ ‘ಲೈನಿಂಗ್’. ಯುರೋಪಿನಲ್ಲಿ ಉಡುಪಿನ ಒಳಮೈಗೆ ಅಗಸಿ ನಾರಿನ ಬಟ್ಟೆ ಹಚ್ಚುತ್ತಿದ್ದರು, ಅದರಿಂದ ಈ ಹೆಸರು. ಕೊಪ್ಪಳದ ಟೇಲರ್ ಅಂಗಡಿಗಳಲ್ಲಿ ಈ ಅರ್ಥ ಕೆಡದೆ ಉಳಿದಿದೆ. ‘ಲೈನಿಂಗ್ ಹಚ್ಚೂದೇನ್ರಿ ಅಕ್ಕಾರ, ಹಂಗ ಹೊಲೀಲೇನು?’ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಬ್ಲೌಸಿಗೆ ಕತ್ತರಿ ಬೀಳುವುದಿಲ್ಲ. ಗ್ಯಾರೇಜಿನಲ್ಲಿ ಅದೇ ಪದ ಬ್ರೇಕಿಗೆ ಸಂಬಂಧಿಸಿದ್ದು. ನೀರಾವರಿ ಇಲಾಖೆಯಲ್ಲಿ ಅದು ಕಾಲುವೆಗೆ ಸಂಬಂಧಿಸಿದ್ದು. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು ಗಂಗಾವತಿಯ ಭತ್ತದ ಗದ್ದೆಗಳನ್ನು ಹಾದು ರಾಯಚೂರಿನವರೆಗೆ 227 ಕಿ.ಮೀ. ಹರಿಯುತ್ತದೆ. ಈ ನಾಲೆಗೂ ಆಗಾಗ ಲೈನಿಂಗ್ ಆಗುತ್ತದೆ. ಬ್ಲೌಸಿನ ಲೈನಿಂಗು ಎರಡು ಹಬ್ಬ ಬಾಳುತ್ತದೆ. ಕಾಲುವೆಯದನ್ನು ಅಷ್ಟು ಖಾತ್ರಿಯಿಂದ ಹೇಳಲಾಗದು.

ವ್ಯಾಕರಣದ ದೃಷ್ಟಿಯಿಂದ ಲೈನ್ ಪದಕ್ಕೆ ಸ್ವಂತ ಅರ್ಥವಿಲ್ಲ. ಪಕ್ಕದಲ್ಲಿ ನಿಂತ ಕ್ರಿಯಾಪದ ಕೊಟ್ಟದ್ದೇ ಅರ್ಥ. ಲೈನ್ ಹಚ್ಚಿದರೆ ಸರದಿ, ಎಳೆದರೆ ತಂತಿ, ಕೊಯ್ದರೆ ಗೆರೆ, ಹಿಡಿದರೆ ದಾರ. ಲೈನ್ ತಪ್ಪಿದವನು ಮನೆಯವರ ಮಾತು ಕೇಳದ ಮಗ, ಲೈನಿಗೆ ಬಂದವನು ಸಾಲ ಕೊಟ್ಟವರ ಮಾತು ಕೇಳತೊಡಗಿದ ಅವನೇ. ಡ್ರೈವರು ‘ಲೈನ್ ಮ್ಯಾಲ ಹೋಗ್ಯಾನ’ ಎಂದರೆ ಲಾರಿ ಬಾಡಿಗೆಗೆ ಹೊರಟಿದೆ ಎಂದರ್ಥ. ಬಿಸ್ಕೀಟು, ಸಬಕಾರ ತುಂಬಿದ ವ್ಯಾನು ಹಳ್ಳಿಯ ಕಿರಾಣಿ ಅಂಗಡಿಗಳನ್ನು ಸುತ್ತುವುದು ‘ಲೈನ್ ಸೇಲ್’. ಲೈನ್ ಹೊಡೆಯುವ ವಿಷಯ ಮುಂದೆ ಬರುತ್ತದೆ.

ವಿದ್ಯುದರ್ಥದಲ್ಲಿ ಲೈನ್ ಎಂದರೆ ತಂತಿಯೂ ಹೌದು, ತಂತಿಯೊಳಗೆ ಬರಬೇಕಾದದ್ದೂ ಹೌದು. ‘ಲೈನ್ ಐತಿ, ಕರೆಂಟ್ ಇಲ್ಲ’ ಎಂಬ ವಾಕ್ಯದಲ್ಲಿ ಮೊದಲನೆಯದು. ‘ರಾತ್ರಿ ಎರಡಕ್ಕ ಲೈನ್ ಬರತೈತಿ, ಮೋಟರ್ ಚಾಲೂ ಮಾಡಾಕ ಹೋಗಬೇಕು’ ಎಂಬುದರಲ್ಲಿ ಎರಡನೆಯದು. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಸ್ ಎಂದು ಸರ್ಕಾರದ ಲೆಕ್ಕ. ಆ ಏಳು ತಾಸು ಯಾವ ಏಳು ಎಂಬುದು ವ್ಯಾಖ್ಯಾನಕಾರರಿಗೆ ಬಿಟ್ಟದ್ದು. ಕೆಇಬಿ ಎಂಬ ವಿದ್ಯುತ್ ಮಂಡಳಿ 1999ರಲ್ಲೇ ಮುಗಿಯಿತು, 2002ರಿಂದ ಈ ಭಾಗದ ವಿತರಣೆ ಜೆಸ್ಕಾಂನದು. ಆದರೂ ಯಲಬುರ್ಗಾದ ರೈತ ಫೋನ್ ಮಾಡುವುದು ‘ಕೆಇಬಿ ಲೈನ್‌ಮನ್’ಗೆ. ಅವನಿಗೆ ಕನ್ನಡದ ಕಡತಗಳು ‘ಮಾರ್ಗದಾಳು’ ಎಂಬ ಹೆಸರಿಟ್ಟಿದ್ದವು. ಕಂಬ ಹತ್ತುವವನಿಗೆ ಹಾದಿ ನಡೆಯುವವನ ಹೆಸರು. ಮಾರ್ಗದಾಳು ಬಂದ ಎಂದು ಯಾರೂ ಕೂಗಿದ್ದಿಲ್ಲ, ಕೂಗಿದ್ದರೆ ಅವನೂ ತಿರುಗಿ ನೋಡುತ್ತಿರಲಿಲ್ಲ.

ಅವನು ಕಂಬ ಹತ್ತುವ ಮುನ್ನ ಸಬ್‌ಸ್ಟೇಷನ್ನಿನಿಂದ ‘ಎಲ್‌ಸಿ’ ತೆಗೆದುಕೊಳ್ಳುತ್ತಾನೆ. ಎಲ್‌ಸಿ ಎಂದರೆ ಲೈನ್ ಕ್ಲಿಯರ್: ತಂತಿ ಸತ್ತಿದೆ, ಮುಟ್ಟಬಹುದು ಎಂಬ ಅಭಯ. ರೈಲ್ವೆಯಲ್ಲೂ ಲೈನ್ ಕ್ಲಿಯರ್ ಉಂಟು. ಮುಂದಿನ ಸ್ಟೇಷನ್ ಮಾಸ್ತರರು ಅದನ್ನು ಕೊಡದೆ ಗಾಡಿ ಬಿಡುವಂತಿಲ್ಲ. ಒಂದರಲ್ಲಿ ಏನೂ ಹರಿಯಬಾರದು, ಇನ್ನೊಂದರಲ್ಲಿ ಹರಿಯಲಿ ಎಂದು ಅಪ್ಪಣೆ. ಒಂದೇ ಪದಗುಚ್ಛ ತನ್ನ ವಿರುದ್ಧಾರ್ಥವನ್ನೂ ತಾನೇ ಹೇಳುವ ಇಂಥ ಉದಾಹರಣೆ ವಿರಳ. ಲೋಕರೂಢಿಯಲ್ಲಿ ಎರಡೂ ಕೂಡಿ ಮೂರನೆಯ ಅರ್ಥ ಹುಟ್ಟಿದೆ: ಹುಡುಗಿಯ ಸೋದರಮಾವ ಒಪ್ಪಿದರೆ ಲಗ್ನಕ್ಕೆ ‘ಲೈನ್ ಕ್ಲಿಯರ್’.

ರೈಲಿನ ಅರ್ಥದಲ್ಲಿ ಲೈನ್ ಪದಕ್ಕೆ ಈ ಜಿಲ್ಲೆಯಲ್ಲಿ ಕಾಲಭೇದವುಂಟು. ಹುಬ್ಬಳ್ಳಿ–ಗುಂತಕಲ್ ಲೈನ್ 1880ರ ದಶಕದ್ದು, ಸದರ್ನ್ ಮರಾಠಾ ರೈಲ್ವೆ ಹಾಕಿದ ಮೀಟರ್ ಗೇಜು. ಕೊಪ್ಪಳ ಅದರ ಮೇಲೆ ಬಿದ್ದದ್ದರಿಂದ ಅಲ್ಲಿ ಲೈನ್ ಭೂತಕಾಲದ ಪದ. ಆಗಿನ ಉಳಿದ ಮೂರು ತಾಲೂಕು ಕೇಂದ್ರಗಳಲ್ಲಿ ಅದು ಬಹುಕಾಲ ಭವಿಷ್ಯತ್ತಿನಲ್ಲಿತ್ತು. ಗಿಣಿಗೇರಾದಿಂದ ಮೆಹಬೂಬನಗರಕ್ಕೆ ಹೋಗಬೇಕಾದ ಮಾರ್ಗಕ್ಕೆ 1997–98ರ ಸುಮಾರಿಗೆ ಮಂಜೂರಾತಿ ದೊರೆಯಿತು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಗದಗ–ವಾಡಿ ಮಾರ್ಗದ ತಳಕಲ್–ಕುಷ್ಟಗಿ ಭಾಗದಲ್ಲಿ ಯಲಬುರ್ಗಾ ಹಾದು ಗಾಡಿ ಓಡತೊಡಗಿದ್ದು 2025ರ ಮೇ ತಿಂಗಳಲ್ಲಿ. ಈ ನಡುವಣ ಅವಧಿಯಲ್ಲಿ ‘ಲೈನ್ ಆಗತೈತಿ’ ಎಂಬ ಪ್ರಯೋಗ ಪ್ರಚಾರದಲ್ಲಿತ್ತು. ಕೇಶಿರಾಜನ ವ್ಯಾಕರಣದಲ್ಲಿ ಇಂಥ ಕಾಲಕ್ಕೆ ಸೂತ್ರವಿಲ್ಲ. ಹೊಲದಲ್ಲಿ ಸರ್ವೆ ಕಲ್ಲು ನೆಟ್ಟ ದಿನ ಹುಟ್ಟಿದ ಕೂಸು ಮುಂದೆ ಆ ಗಾಡಿಗೆ ಟಿಕೆಟ್ ತೆಗೆಸುವ ವಯಸ್ಸಿನಲ್ಲಿ ತನ್ನ ಕೂಸನ್ನು ಎತ್ತಿಕೊಂಡಿರುವಷ್ಟು ಉದ್ದದ ವರ್ತಮಾನಕಾಲ ಅದು.

ಸರದಿಯ ಅರ್ಥದಲ್ಲಿ ಲೈನ್ ಬರುವ ಮೊದಲು ‘ಪಾಳಿ’ ಎಂಬ ಪದವಿತ್ತು. ಲೈನ್ ಅದನ್ನು ಕೊಂದಿತೆಂದು ತಿಳಿಯಬಾರದು, ಆಸ್ತಿ ಹಂಚಿಕೊಂಡಿತು. ಜನ ನಿಂತ ಆಕಾರ ಲೈನಿಗೆ ಹೋಯಿತು, ಅವರ ಹಕ್ಕು ಪಾಳಿಯಲ್ಲೇ ಉಳಿಯಿತು. ‘ಲೈನ್‌ನ್ಯಾಗ ನಿಂತ್ಕೊ, ಪಾಳಿ ಬಂದಾಗ ಕೊಡ್ತೀನಿ’ ಎಂಬ ಮಾತಿನಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲಿವೆ. ಗವಿಮಠದ ಜಾತ್ರೆಯ ದಾಸೋಹದಲ್ಲಿ, ಹುಲಗಿಯ ಹುಣ್ಣಿಮೆಯಲ್ಲಿ, ಅಂಜನಾದ್ರಿಯ 575 ಮೆಟ್ಟಿಲುಗಳ ಮೇಲೆ ಕಾಣುವುದು ಶುದ್ಧ ಲೈನ್. ಮೆಟ್ಟಿಲಿನದು ವಿಶೇಷ: ಅಲ್ಲಿ ಲೈನ್ ಮೇಲಕ್ಕೆ ಹೋಗುತ್ತದೆ, ನಡುವೆ ತಡೆ ಬಂದರೆ ಉಸಿರು ಬಿಡಲು ಸಿಕ್ಕಿತೆಂದು ನಿಂತವರಲ್ಲಿ ಬೇಸರಪಡುವವರಿಲ್ಲ.

ಮಳೆಗಾಲದ ಆರಂಭದಲ್ಲಿ ಗೊಬ್ಬರದ ಅಂಗಡಿಗಳ ಮುಂದೆ ಮತ್ತೊಂದು ಪ್ರಭೇದ ಕಾಣುತ್ತದೆ. ಬಾಗಿಲು ತೆರೆಯುವುದು ಒಂಬತ್ತಕ್ಕೆ, ಲೈನ್ ಮೂಡುವುದು ನಸುಕಿನ ನಾಲ್ಕಕ್ಕೆ. ಆಗ ಅದರಲ್ಲಿ ಮನುಷ್ಯರಿರುವುದಿಲ್ಲ. ಒಂದು ಹರಿದ ಬಾಟಾ ಚಪ್ಪಲಿ, ಅದರ ಹಿಂದೆ ಅರ್ಧ ಇಟ್ಟಂಗಿ, ಇಟ್ಟಂಗಿಯ ಹಿಂದೆ ಕಲ್ಲು ಹೇರಿದ ಆಧಾರ್ ಕಾರ್ಡಿನ ಝೆರಾಕ್ಸು, ಅದರ ಹಿಂದೆ ಖಾಲಿ ತಂಬಿಗೆ. ಮಾಲೀಕರು ಎದುರಿನ ಚಹಾದಂಗಡಿಯಲ್ಲಿ ಬೀಡಿ ಸೇದುತ್ತ ತಮ್ಮ ಪ್ರತಿನಿಧಿಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಚಪ್ಪಲಿಯನ್ನು ದಾಟಿ ಮುಂದೆ ಹೋದವನು ಅದರ ಒಡೆಯನನ್ನೇ ತುಳಿದಂತೆ. ಇದನ್ನು ಅಲಂಕಾರಶಾಸ್ತ್ರದಲ್ಲಿ ಲಕ್ಷಣಾವೃತ್ತಿ ಎನ್ನುತ್ತಾರೆ.

‘ಆನ್‌ಲೈನ್’ ಪದದ ವಿಗ್ರಹವಾಕ್ಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಲೈನಿನ ತೊಂದರೆ ತಪ್ಪಿಸಲು ಬಂದದ್ದು ಆನ್‌ಲೈನ್ ಎಂದು ಬೆಂಗಳೂರಿನ ಪಕ್ಷ. ಲೈನಿನ ಮೇಲೆ ಇನ್ನೊಂದು ಲೈನ್ ಎಂದು ಕೊಪ್ಪಳದ ಪಕ್ಷ. ಪಹಣಿಗಳು 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರ್ ಸೇರಿದವು, 2023ರಲ್ಲಿ ಗೃಹಲಕ್ಷ್ಮಿಯ ಅರ್ಜಿಗಳೂ ಹಾಗೆಯೇ ಹೋದವು. ಎರಡಕ್ಕೂ ಜನ ಕೇಂದ್ರದ ಹೊರಗೆ ಗೋಡೆ ಹಿಡಿದು ನಿಂತರು. ಒಳಗಿನಿಂದ ‘ಸರ್ವರ್ ಇಲ್ಲ’ ಎಂಬ ಧ್ವನಿ ಬಂದಾಗ ಲೈನ್ ಕೂರುತ್ತದೆ, ‘ಬಂತು’ ಎಂದಾಗ ಏಳುತ್ತದೆ. ಆದ್ದರಿಂದ ಕೊಪ್ಪಳದ ಪಕ್ಷವೇ ಪ್ರಬಲ. ಅರ್ಜಿಯ ಗಡುವನ್ನು ‘ಡೆಡ್‌ಲೈನ್’ ಎನ್ನುವುದೂ ಇಲ್ಲಿ ಬಂದಿದೆ. ಮೂಲದಲ್ಲಿ ಅದು 1864ರಲ್ಲಿ ಅಮೆರಿಕದ ಆಂಡರ್ಸನ್‌ವಿಲ್ ಯುದ್ಧಕೈದಿಗಳ ಸೆರೆಮನೆಯಲ್ಲಿದ್ದ ಗೆರೆ, ದಾಟಿದವನಿಗೆ ಗುಂಡು ಹಾರುತ್ತಿತ್ತು. ಇಲ್ಲಿ ದಾಟಿದವನಿಗೆ ಇನ್ನು ಹದಿನೈದು ದಿನ ಸಿಗುತ್ತದೆ.

ಶಾಲೆಯಲ್ಲಿ ಲೈನ್ ಎಂದರೆ ಕಾಪಿ ಪುಸ್ತಕದ ಗೆರೆ. ಇಂಗ್ಲಿಷ್ ಬರೆಯಲು ನಾಲ್ಕು ಲೈನ್ ಬೇಕು, ಕನ್ನಡಕ್ಕೆ ಎರಡು ಸಾಕು. ಸರ್ಕಾರಿ ಶಾಲೆಗಳಲ್ಲಿ ಒಂದನೇ ಇಯತ್ತೆಯಿಂದ ಇಂಗ್ಲಿಷ್ ಶುರುವಾದದ್ದು 2007ರಲ್ಲಿ. ಅಂದಿನಿಂದ ‘ನಾಕ್ ಲೈನ್ ಕಾಪಿ’ ಹಳ್ಳಿಯ ಅಂಗಡಿಗೂ ಬಂತು. ಜಿ, ವೈ ಮುಂತಾದ ಅಕ್ಷರಗಳ ಬಾಲ ಕೆಳಗೆ ಜೋತಾಡುವುದರಿಂದ ಅವನ್ನು ದನ ಕಟ್ಟಿದಂತೆ ಕಟ್ಟಬೇಕಾಗುತ್ತದೆ. ಒತ್ತಕ್ಷರವಿರುವ ಕನ್ನಡದ ಬಾಲವೇನು ಗಿಡ್ಡವಲ್ಲ, ಆದರೆ ಅದು ಮನೆಯ ದನ.

ಶೃಂಗಾರಾರ್ಥದಲ್ಲಿ ‘ಲೈನ್ ಹೊಡೆಯುವುದು’ ಅಕರ್ಮಕವೇ ಸಕರ್ಮಕವೇ ಎಂಬ ಚರ್ಚೆಯಿದೆ. ಹುಡುಗಿಗೆ ಗೊತ್ತಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಬೈಕ್ ನಿಲ್ಲಿಸಿ ಕನ್ನಡಿಯಲ್ಲಿ ಕೂದಲು ತೀಡುವುದಷ್ಟೇ ಆದರೆ ಅಕರ್ಮಕ. ಆಕೆಯ ಅಣ್ಣನಿಗೆ ಗೊತ್ತಾದರೆ ಕರ್ಮಪದ ತಾನಾಗಿ ಬಂದು ಕೂಡುತ್ತದೆ. ಇದಕ್ಕೆ ತೀರ ಹತ್ತಿರದ, ಆದರೆ ಮರ್ಯಾದಸ್ತ ಅರ್ಥವೊಂದು ಬೀಜೋತ್ಪಾದನೆಯ ಹೊಲಗಳಲ್ಲಿದೆ. ಅಲ್ಲಿ ಗಂಡು ಲೈನ್, ಹೆಣ್ಣು ಲೈನ್ ಎಂದು ಎರಡು ತಳಿಯ ಗಿಡ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಹೆಣ್ಣಾಳುಗಳು ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಿ ಗುರುತು ಮಾಡುತ್ತಾರೆ. ಪಂಪ್‌ಸೆಟ್ಟಿನ ಲೈನ್, ಸಾಲಿನ ಲೈನ್, ತಳಿಯ ಲೈನ್ ಮೂರೂ ಒಂದೇ ಹೊಲದಲ್ಲಿ ಕೂಡುವುದರಿಂದ ಅಲ್ಲಿ ಫೋನಿನಲ್ಲಿ ಮಾತಾಡುವವರು ‘ಯಾವ ಲೈನ್?’ ಎಂದು ಕೇಳಿಯೇ ಮುಂದುವರಿಯುತ್ತಾರೆ.

ಗೆರೆಯೆಂಬ ಕನ್ನಡ ಪದಕ್ಕೆ ಈಗ ಹೆಚ್ಚು ಕೆಲಸವಿಲ್ಲ. ಹೊಲದ ಅಂಚಿಗೆ ನಿಜಾಮನ ಕಾಲದ ‘ಹದ್ದು’ ಇದೆ, ಉಳಿದ ಕಡೆ ಲೈನ್ ಇದೆ. ಹಣೆಯ ಮೇಲಿನದೊಂದು ಮಾತ್ರ ಇನ್ನೂ ಗೆರೆ. ಹಣೆಬರಹಕ್ಕೆ ಲೈನ್ ಎಂದವರು ಜಿಲ್ಲೆಯ ಯಾವ ತಾಲೂಕಿನಲ್ಲೂ ಸಿಗುವುದಿಲ್ಲ.

ಇಷ್ಟು ಅರ್ಥಗಳಲ್ಲಿ ಲ್ಯಾಟಿನ್ನಿನ ಮೊದಲ ಅರ್ಥವನ್ನು ಬಿಡದೆ ಉಳಿಸಿಕೊಂಡವನು ಗೌಂಡಿಯೊಬ್ಬನೇ. ಅವನಿಗೆ ಲೈನ್ ಎಂದರೆ ದಾರ, ಬೇರೇನೂ ಅಲ್ಲ. ಗೋಡೆಯ ಎರಡು ತುದಿಗೆ ಮೊಳೆ ಬಡಿದು ದಾರ ಕಟ್ಟುತ್ತಾನೆ, ಬೆರಳಿನಿಂದ ಮೀಟಿ ಬಿಗಿ ನೋಡುತ್ತಾನೆ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ದಾರದ ಮಟ್ಟಕ್ಕೆ ತಂದು ‘ಲೈನ್ ಬಿಟ್ಟೈತಿ, ಇಟ್ಟಂಗಿ ಒಳಗ ತೊಗೊ’ ಎನ್ನುತ್ತಾನೆ. ದಾರ ಹರಿದರೆ ‘ಲೈನ್ ಹರೀತು’ ಎಂದು ಆಳಿನ ಹುಡುಗನನ್ನು ಅಂಗಡಿಗೆ ಓಡಿಸುತ್ತಾನೆ. ಹುಡುಗ ತರುವುದು ಮೀನಿನ ಗಾಳಕ್ಕೆ ಕಟ್ಟುವ ತಂಗೂಸಿ, ನೈಲಾನಿನದು. ಅಗಸಿ ನಾರು ಅದರಲ್ಲಿ ಎಳೆಯಷ್ಟೂ ಇಲ್ಲ. ಒಂದು ಗಂಟೆಗೆ ಗೌಂಡಿ ಮರಳಿನ ಗುಡ್ಡೆಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುತ್ತಾನೆ. ಎರಡು ಕಟಿ ರೊಟ್ಟಿ, ಒಂದು ಉಳ್ಳಾಗಡ್ಡಿ, ಮೂಲೆಯಲ್ಲಿ ಎಣ್ಣೆ ಕಲಸಿದ ಅಗಸಿ ಹಿಂಡಿ.